ಶಿವಪಾರ್ವತಿಯರ ಪಗಡೆಯೂ ನಿನ್ನ ಫ್ರೆಂಚೂ

ಪುಟ್ಟಿ,

ನಾಸಿಕದ ಕಾಲೇಜಿನಲ್ಲಿ ಫ್ರೆಂಚ್ ತಗೊಂಡಿದ್ದು ಭಾಳ ಛಲೋ ಆತು. ‘ಮಾಮಾ, ಕ್ರಿಯಾಪದ ಬರ್ತಾವು, ಅವುಗಳ ಬೆನ್ನಿಗಿರೋ ಸಣ್ಣ ಶಬ್ದಗಳೇ ಕಾಡತಾವು’ ಅಂತ ಬರೆದೀಯಲ್ಲ, ಕನ್ನಡದ ಕಿವಿಗೆ ಅದು ಸಹಜ. ನಾವು ಕ್ರಿಕೆಟ್ ಆಡುತ್ತೇವೆ, ತಬಲಾ ಬಾರಿಸುತ್ತೇವೆ, ವೀಣೆ ನುಡಿಸುತ್ತೇವೆ, ಕೊಳಲು ಊದುತ್ತೇವೆ. ಫ್ರೆಂಚರಿಗೆ ಇಷ್ಟಕ್ಕೂ ‘ಜುಏ’ ಒಂದೇ. ಆಡಿದ್ದೋ ನುಡಿಸಿದ್ದೋ ಎಂದು ತಿಳಿಸುವ ಹೊಣೆಯೆಲ್ಲ ಆ ಸಣ್ಣ ಶಬ್ದದ್ದು: ಆಟಕ್ಕೆ ‘ಆ’, ವಾದ್ಯಕ್ಕೆ ‘ದ’. ಮುಂದೆ ಪುಲ್ಲಿಂಗದ ‘ಲ’ ಬಂದರೆ ‘ಆ’ ಹೋಗಿ ‘ಓ’ ಆಗುತ್ತದೆ, ‘ದ’ ಹೋಗಿ ‘ದ್ಯು’. ಸಂಧಿ ಓದಿದವಳಿಗೆ ಇದೇನು ಮಹಾ! ‘ಜ ಜೂ ಓ ಕ್ರಿಕೆಟ್’ ಅನ್ನು. ಗಣಪತಿ ಮೆರವಣಿಗೆಯಲ್ಲಿ ಢೋಲು ಬಡಿಯುತ್ತೀಯಲ್ಲ, ಅದಕ್ಕೆ ‘ಜ ಜೂ ದ್ಯು ಢೋಲ್’.

ಸೈಕಲ್, ಈಜು, ಚಾರಣಗಳಿಗೆ ಬೇರೆ ಕ್ರಿಯಾಪದ, ‘ಫೇರ್’. ಬೆನ್ನಿಗೆ ಮತ್ತೆ ‘ದ’. ನಿಮ್ಮೂರಿನ ವೈದ್ಯ ಸಹೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ 2015ರಲ್ಲಿ ಸೈಕಲ್ ಮೇಲೆ ಅಮೆರಿಕವನ್ನು ಆ ತೀರದಿಂದ ಈ ತೀರದವರೆಗೆ ದಾಟಿದರಲ್ಲ, ಅದೂ ‘ಫೇರ್ ದ್ಯು ವೆಲೊ’. ನೀನು ಗೆಳತಿಯರ ಜೊತೆ ಅಂಜನೇರಿ ಬೆಟ್ಟ ಹತ್ತುವುದು ‘ಫೇರ್ ದ ಲಾ ರಾಂದೊನೆ’.

ಪರೀಕ್ಷೆಯಲ್ಲಿ ಮಕ್ಕಳು ಜಾರುವುದು ‘ಇಲ್ಲ’ ಅನ್ನುವಾಗ. ‘ಜ ನ ಫೆ ಪಾ ದ ವೆಲೊ’ ಎನ್ನಬೇಕು, ‘ದ್ಯು’ ಕುಗ್ಗಿ ಬರೀ ‘ದ’. ಅಲ್ಲಿ ‘ದ್ಯು’ ಅಂದರೆ ‘ಒಂದಿಷ್ಟು’ ಎಂಬ ಭಾವ. ಸೈಕಲ್ ತುಳಿಯುವುದೇ ಇಲ್ಲವೆಂದ ಮೇಲೆ ಒಂದಿಷ್ಟು ಎಲ್ಲಿಂದ ಬಂತು? ಆಟದ ‘ಓ’ ಮಾತ್ರ ಕದಲುವುದಿಲ್ಲ: ‘ಜ ನ ಜೂ ಪಾ ಓ ಕ್ರಿಕೆಟ್’. ಪಠ್ಯಪುಸ್ತಕಗಳು ಇದನ್ನು ಕಾರಣ ಹೇಳದೆ ಚೌಕಟ್ಟಿನಲ್ಲಿ ಹಾಕಿ ಉರುಹೊಡೆಸುವುದು ನನಗೆ ಸೇರುವುದಿಲ್ಲ.

ಹೋಗುವುದಕ್ಕೆ ‘ಅಲೆ’. ಸಿನೆಮಾ ನಿರ್ಮಾಪಕ ಫಾಳ್ಕೆಯವರು 1870ರಲ್ಲಿ ಹುಟ್ಟಿದ ತ್ರ್ಯಂಬಕ ನಿನ್ನ ಪಕ್ಕದಲ್ಲೇ ಇದೆ, ಹಾಗಾಗಿ ‘ಜ ವೆ ಓ ಸಿನೆಮಾ’ ಮರೆಯಬೇಡ. ಜಾಗಕ್ಕೆ ‘ಆ’, ಒಬ್ಬರ ಮನೆಗಾದರೆ ‘ಶೆ’.

ದೀಪಾವಳಿ ರಜೆಗೆ ಛತ್ರಪತಿ ಸಂಭಾಜಿನಗರಕ್ಕೆ ‘ಶೆ’ ಚಿಕ್ಕಮ್ಮ ಹೋಗುತ್ತೀಯಲ್ಲ, ತಮ್ಮನನ್ನೂ ಕರೆದುಕೊಂಡು ಎಲ್ಲೋರಕ್ಕೆ ಹೋಗು. ರಾಷ್ಟ್ರಕೂಟರ ಒಂದನೇ ಕೃಷ್ಣನ ಕೈಲಾಸ 16ನೇ ಗುಹೆ. ಎಲ್ಲರೂ ಅಲ್ಲಿಗೇ ಓಡುತ್ತಾರೆ. ನೀನು ಮೊದಲು 14ಕ್ಕೆ ಹೋಗು. ಅಲ್ಲಿ ಶಿವಪಾರ್ವತಿಯರು ಪಗಡೆಗೆ ಕೂತಿದ್ದಾರೆ: ‘ಇಲ್ ಜೂ ಓ ದೇ’. ನಟರಾಜ ಕಂಡರೆ ‘ಇಲ್ ಫೆ ದ ಲಾ ದಾಂಸ್’. ಜೋರಾಗಿಯೇ ಅನ್ನು, ನಾಚಬೇಡ. 17ನೇ ಶತಮಾನದಲ್ಲೇ ಥೆವೆನೊ ಎಂಬ ಫ್ರೆಂಚ್ ಪ್ರವಾಸಿ ಆ ಗುಹೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಆ ಕಲ್ಲುಗಳಿಗೆ ಫ್ರೆಂಚ್ ಹೊಸದಲ್ಲ.

ಮರಳಿ ಬಂದ ಮೇಲೆ ರಜೆಯಲ್ಲಿ ಏನೇನು ಆಡಿದಿರಿ, ಎಲ್ಲೆಲ್ಲಿ ಅಲೆದಿರಿ ಅಂತ ಫ್ರೆಂಚಿನಲ್ಲೇ ಒಂದು ಪುಟ ಬರೆದು ಕಳಿಸು. ಕೆಂಪು ಪೆನ್ನು ಹುಡುಕಿ ಇಟ್ಟುಕೊಂಡಿದ್ದೇನೆ. ಜೊತೆಗೆ ನಿಮ್ಮೂರ ಒಣದ್ರಾಕ್ಷಿ ಬಂದರೆ ತಿದ್ದುವ ಕೈ ತುಸು ಮೆತ್ತಗಾದೀತು.

ನಿನ್ನ ಪ್ರೀತಿಯ ಮಾಮಾ