ಖಟ್ಲೆ ಬಂದಾಗ ವಕೀಲರ ನೆರವು



ಬದುವಿನ ತಕರಾರು, ಕಾಲುವೆ ನೀರಿನ ಜಗಳ ಹೊಡೆದಾಟಕ್ಕೆ ತಿರುಗಿ ಪೊಲೀಸ್ ಕೇಸಾಗುವುದು ಹಳ್ಳಿಗಳಲ್ಲಿ ಹೊಸದೇನಲ್ಲ. ಆಗ ಕೆಲವರು ವಕೀಲರ ಫೀಜಿಗೆಂದು ಉಳುವ ಎತ್ತನ್ನೇ ಮಾರುತ್ತಾರೆ. ಕೆಲವರು ಕೋರ್ಟಿಗೆ ಅಲೆಯುವುದು ತಪ್ಪಿದರೆ ಸಾಕೆಂದು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾರೆ. ಎರಡೂ ಬೇಡ. ಬಡ ಆಪಾದಿತನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ದೊರೆಯುವುದು ದಾನವಲ್ಲ, ಹಕ್ಕು.

ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ಹಾಜರುಪಡಿಸಿದ ದಿನದಿಂದಲೇ ಈ ಹಕ್ಕು ಇದೆಯೆಂದು ಸುಪ್ರೀಂ ಕೋರ್ಟು 1980ರಲ್ಲಿ ಹೇಳಿತು. ಆಪಾದಿತನು ಕೇಳಲಿಲ್ಲವೆಂದು ಹಕ್ಕು ಹೋಗದು, ಅದನ್ನು ತಿಳಿಸುವುದು ನ್ಯಾಯಾಲಯದ ಹೊಣೆ ಎಂದು 1986ರಲ್ಲಿ ತೀರ್ಪಾಯಿತು.

ಆದರೆ ಹೆಸರಿಗೊಬ್ಬ ವಕೀಲರಿದ್ದರೆ ಸಾಲದು. ಹೊಲ ಹದಮಾಡಲು ಬಿಡದೆ ಬೀಜ ಚೆಲ್ಲಿದರೆ ಬೆಳೆ ಬಂದೀತೇ? ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ 2013ರಲ್ಲಿ ವಕೀಲರನ್ನು ನೇಮಿಸಿದ ದಿನವೇ ಆರೋಪ ಹೊರಿಸಿದರು. ಸುಮಾರು ಎರಡೇ ವಾರಗಳಲ್ಲಿ ವಿಚಾರಣೆ ಮುಗಿದು ಮರಣದಂಡನೆಯಾಯಿತು. ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ರದ್ದುಮಾಡಿ ಹೊಸದಾಗಿ ವಿಚಾರಣೆ ನಡೆಸಲು ಹೇಳಿತು. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಖಟ್ಲೆಗಳಲ್ಲಿ ಕನಿಷ್ಠ 10 ವರ್ಷ ಅನುಭವವುಳ್ಳ ವಕೀಲರನ್ನೇ ನೇಮಿಸಬೇಕು, ಸಿದ್ಧತೆಗೆ ಸಾಮಾನ್ಯವಾಗಿ 7 ದಿನವಾದರೂ ಕೊಡಬೇಕು ಎಂದೂ ವಿಧಿಸಿತು.

ನೀವು ಮಾಡಬೇಕಾದದ್ದು:

1. ಮೊದಲ ದಿನವೇ ಮ್ಯಾಜಿಸ್ಟ್ರೇಟರಿಗೆ, "ಸ್ವಾಮಿ, ನನಗೆ ವಕೀಲರಿಲ್ಲ, ಇಟ್ಟುಕೊಳ್ಳಲು ಶಕ್ತಿಯಿಲ್ಲ" ಎಂದು ಹೇಳಿರಿ.

2. ಮನೆಯವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಲಿ, ಇಲ್ಲವೇ 15100ಕ್ಕೆ ಫೋನು ಮಾಡಲಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಇವರಿಗೆ ವರಮಾನದ ಮಿತಿಯಿಲ್ಲ.

3. ನಡೆದದ್ದನ್ನು ವಕೀಲರಿಗೆ ಮುಚ್ಚಿಡದೆ ಹೇಳಿರಿ. ಕಂಡವರ ಹೆಸರು, ಪಹಣಿ, ಆಸ್ಪತ್ರೆಯ ಚೀಟಿ ಒದಗಿಸಿರಿ.

4. ಓದಿ ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ.

5. ವಕೀಲರು ಹಾಜರಾಗದಿದ್ದರೆ, ನಿಮ್ಮ ಮಾತು ಕೇಳದಿದ್ದರೆ, ನ್ಯಾಯಾಧೀಶರಿಗೆ ಅಲ್ಲೇ ತಿಳಿಸಿರಿ, ಸಮಿತಿಗೂ ಬರೆದುಕೊಡಿರಿ.

ಜಗಳವನ್ನು ಊರಿನಲ್ಲೇ ತಡೆಯುವುದು ಎಲ್ಲಕ್ಕಿಂತ ಮೇಲು. ಆದರೂ ಖಟ್ಲೆ ಬಂದರೆ ಎತ್ತು ಮಾರುವ ಮುನ್ನ ಹಕ್ಕನ್ನು ಕೇಳಿರಿ. ಓದು ಬಾರದ ನೆರೆಯವರಿಗೂ ಇದನ್ನು ಓದಿ ಹೇಳಿರಿ.

— ಗ್ರಾಮಸೇವಕ