ಉತ್ತರದ ಕಾಡಿನ ಪ್ರವಾಸ: ದಂಪತಿಗಳಿಗೆ ಕೆಲವು ಎಚ್ಚರಿಕೆಗಳು

ಕೆನಡಾದ ಕ್ಯಾಲ್ಗರಿಯಲ್ಲಿ ಮೂವತ್ತು ವರ್ಷ ನೌಕರಿ ಮಾಡಿ ನಿವೃತ್ತರಾದ ನನ್ನ ಹಳೆಯ ಸಹಪಾಠಿಯೊಬ್ಬರು ಚಳಿಗಾಲದಲ್ಲಿ ಮೈಸೂರಿಗೆ ಬರುತ್ತಾರೆ. ಈ ಸಲ ಪತ್ನಿಯೊಂದಿಗೆ ನನ್ನ ಕ್ಲಿನಿಕ್ಕಿಗೆ ಬಂದು ಮೇಜಿನ ಮೇಲೆ ದೊಡ್ಡದೊಂದು ನಕಾಶೆ ಹರಡಿದರು. ಬರುವ ಜೂನ್‌ನಲ್ಲಿ ಇಬ್ಬರೇ ಒಂದು ಆರ್.ವಿ. ಬಾಡಿಗೆಗೆ ಪಡೆದು ಬ್ಯಾನ್ಫ್, ಜಾಸ್ಪರ್ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಂಡು, ಅಲಾಸ್ಕಾ ಹೆದ್ದಾರಿ ಹಿಡಿದು ಯೂಕಾನ್ ಪ್ರಾಂತದ ಕ್ಲುವಾನಿ, ಅಲ್ಲಿಂದ ಗಡಿ ದಾಟಿ ಅಲಾಸ್ಕಾದ ಡೆನಾಲಿಯವರೆಗೆ ಹೋಗುವ ಯೋಜನೆ. ಆರ್.ವಿ. ಎಂದರೆ ಮಂಚ, ಗ್ಯಾಸ್ ಒಲೆ, ಫ್ರಿಜ್, ಶೌಚಾಲಯ ಎಲ್ಲವೂ ಒಳಗೇ ಇರುವ, ಮಿನಿ ಬಸ್ಸಿನಷ್ಟು ದೊಡ್ಡ ವಾಹನ.

"ಕರಡಿ ಎದುರಾದರೆ ಏನು ಮಾಡಬೇಕೋ?" ಎಂದು ಸ್ನೇಹಿತರು ನಕ್ಕರು. ಅವರ ಪತ್ನಿ ನಗಲಿಲ್ಲ. "ರಾತ್ರಿ ಹೊತ್ತು ಇವರಿಗೆ ಏನಾದರೂ ಆದರೆ ನಾನೊಬ್ಬಳೇ ಏನು ಮಾಡಲಿ ಡಾಕ್ಟರೇ?" ಎಂದರು. ಸ್ನೇಹಿತರಿಗೆ 66 ವರ್ಷ. ಹನ್ನೆರಡು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ಆಕೆಗೆ ರಕ್ತದ ಒತ್ತಡ. ಕೇಳಬೇಕಾದ ಪ್ರಶ್ನೆಯನ್ನು ಆಕೆ ಕೇಳಿದ್ದರು.

ಮಕ್ಕಳ ಮನೆಗೆಂದು ಅಮೆರಿಕ, ಕೆನಡಾಗಳಿಗೆ ಹೋಗುವ ನಮ್ಮ ಓದುಗರಲ್ಲೂ ಇಂಥ ಪ್ರವಾಸ ಮಾಡುವವರಿದ್ದಾರೆ. ಆದ್ದರಿಂದ ಅಂದು ಆ ದಂಪತಿಗಳಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ದೂರದ ಲೆಕ್ಕ. ಲೇಕ್ ಲೂಯಿಸ್‌ನಿಂದ ಜಾಸ್ಪರ್‌ಗೆ ಹಿಮನದಿಗಳ ಪಕ್ಕದಲ್ಲೇ ಸಾಗುವ ಸುಮಾರು 230 ಕಿ.ಮೀ. ರಸ್ತೆಯ ಬಹುಭಾಗದಲ್ಲಿ ಮೊಬೈಲ್ ಫೋನ್ ಕೆಲಸ ಮಾಡುವುದಿಲ್ಲ. 1942ರಲ್ಲಿ, ಯುದ್ಧಕಾಲದಲ್ಲಿ ನಿರ್ಮಿಸಿದ ಅಲಾಸ್ಕಾ ಹೆದ್ದಾರಿಯ ಉದ್ದ ಸುಮಾರು 2,200 ಕಿ.ಮೀ. ಅದರ ಮೇಲೆ ವಾಟ್ಸನ್ ಲೇಕ್ ಎಂಬ ಸಣ್ಣ ಊರಿನ ಆಸ್ಪತ್ರೆ ದಾಟಿದರೆ ಮುಂದಿನ ಆಸ್ಪತ್ರೆ ವೈಟ್‌ಹಾರ್ಸ್‌ನಲ್ಲಿ, ಸುಮಾರು 440 ಕಿ.ಮೀ. ದೂರ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವುದಕ್ಕಿಂತಲೂ ಹೆಚ್ಚು. ನಡುವೆ ಟೆಸ್ಲಿನ್‌ನಲ್ಲಿ ದಾದಿಯರು ನಡೆಸುವ ಆರೋಗ್ಯ ಕೇಂದ್ರವೊಂದಿದೆ. ಇಷ್ಟು ದೂರದಲ್ಲಿ ಕಾಯಿಲೆಯ ಮೊದಲ ಲಕ್ಷಣವನ್ನು ಗುರುತಿಸಬೇಕಾದವರು ಪಕ್ಕದ ಸೀಟಿನಲ್ಲಿ ಕುಳಿತವರೇ. ಗಂಡನ ಮಾತ್ರೆಗಳ ಹೆಸರು ಹೆಂಡತಿಗೆ, ಹೆಂಡತಿಯದು ಗಂಡನಿಗೆ ಬಾಯಿಪಾಠವಾಗಿರಬೇಕು. ನಮ್ಮಲ್ಲಿ ಎರಡನೆಯದು ಬಹಳ ಅಪರೂಪ. ನನ್ನ ಸ್ನೇಹಿತರನ್ನು ಕೇಳಿದೆ. "ಬಿಳೀದು, ಸಣ್ಣದು" ಎಂದರು!

ಆದರೆ ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಉಪಯೋಗಕ್ಕೆ ಬಾರದ ಅಪಾಯವೊಂದಿದೆ. ಅದೇ ಕಾರ್ಬನ್ ಮಾನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು, ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಉತ್ತರದಲ್ಲಿ ಜೂನ್ ತಿಂಗಳಲ್ಲೂ ರಾತ್ರಿ ಚೆನ್ನಾಗಿಯೇ ಚಳಿಯಿರುತ್ತದೆ. ಕಿಟಕಿಗಳನ್ನೆಲ್ಲ ಮುಚ್ಚಿ, "ಸ್ವಲ್ಪ ಬೆಚ್ಚಗಾಗಲಿ" ಎಂದು ಅಡುಗೆಯ ಒಲೆಯನ್ನು ಉರಿಸಿಟ್ಟು ಮಲಗುವವರಿದ್ದಾರೆ. ಇದು ಪ್ರಾಣಕ್ಕೇ ಅಪಾಯ. ವಾಹನದಲ್ಲಿ ಅಳವಡಿಸಿರುವ ಹೀಟರ್‌ನ ಹೊಗೆಗೆ ಹೊರಹೋಗಲು ಕೊಳವೆ ಇರುತ್ತದೆ. ಅಡುಗೆ ಒಲೆಗೆ ಇರುವುದಿಲ್ಲ. ಒಗ್ಗರಣೆ ಹಾಕುವಾಗಲೂ ಫ್ಯಾನ್ ಹಾಕಿ, ಒಂದು ಕಿಟಕಿ ತೆರೆದಿಡಿ. ಜನರೇಟರನ್ನು ಮಲಗುವ ಮೊದಲೇ ನಿಲ್ಲಿಸಿ. ಪಕ್ಕದಲ್ಲಿ ತಂಗಿದವರ ಜನರೇಟರಿನ ಹೊಗೆಯೂ ನಿಮ್ಮ ಕಿಟಕಿಯಿಂದ ಒಳಬರಬಹುದು.

ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು ಇದರ ಲಕ್ಷಣಗಳು. ಪ್ರಯಾಣದ ಆಯಾಸವೆಂದೋ ಫ್ಲೂ ಎಂದೋ ತಿಳಿದು ಇನ್ನೊಂದು ಗಳಿಗೆ ಮಲಗುವುದೇ ಇಲ್ಲಿ ಆಗುವ ತಪ್ಪು. ಇಬ್ಬರಿಗೂ ಒಟ್ಟಿಗೇ ತಲೆನೋವು ಬಂದಿದ್ದು ಜ್ವರವಿಲ್ಲದಿದ್ದರೆ, ಹೊರಗೆ ಹೋದೊಡನೆ ಹಗುರವೆನಿಸಿದರೆ ಈ ಅನಿಲವನ್ನೇ ಶಂಕಿಸಿ. ಸ್ವೆಟರ್ ಹುಡುಕುತ್ತ ಕೂರದೆ ತಕ್ಷಣ ಹೊರಗೆ ಬನ್ನಿ, ಮತ್ತೆ ಒಳಗೆ ಹೋಗಬೇಡಿ, ತುರ್ತು ಸಹಾಯಕ್ಕೆ ಕರೆಯಿರಿ. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬಬಾರದು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಯಾವುದು, ಈ ವಿಷ ಹೊತ್ತದ್ದು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಅಪಾಯದಲ್ಲಿರುವವರಿಗೂ 98 ಎಂದು ತೋರಿಸಬಹುದು. ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಎಚ್ಚರಿಕೆ ಗಂಟೆಯೇ ನಿಮ್ಮ ಕಾವಲು. ವಾಹನ ಪಡೆಯುವ ದಿನವೇ ಅದರ ಗುಂಡಿ ಒತ್ತಿ ಪರೀಕ್ಷಿಸಿ. ಗಂಟೆಗೂ ಆಯುಷ್ಯವಿದೆ, ಅದರ ಮೇಲೆ ನಮೂದಿಸಿದ ದಿನಾಂಕ ನೋಡಿ.

ಇನ್ನು ಸಕ್ಕರೆ ಕಾಯಿಲೆ. ಇನ್ಸುಲಿನ್ ಅಥವಾ ರಕ್ತದ ಸಕ್ಕರೆಯನ್ನು ಬಹಳ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಚಾಲಕರ ಸೀಟಿನಲ್ಲಿ ಕೂರುವ ಮುನ್ನ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಎರಡು ಗಂಟೆಗೊಮ್ಮೆ ಮತ್ತೆ. 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿನ್ನದೆ ಹೊರಡಬಾರದು. 70ಕ್ಕಿಂತ ಕೆಳಗಿದ್ದರೆ ಗಾಡಿ ನಿಲ್ಲಿಸಿ, ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ. ಸರಿಹೋದ ಮೇಲೂ ಮುಕ್ಕಾಲು ಗಂಟೆ ಚಾಲನೆ ಬೇಡ. ಪತಿ ಕಾರಣವಿಲ್ಲದೆ ಸಿಡುಕಿದರೆ, ಬೆವೆತರೆ, ದಾರಿ ತಪ್ಪಿಸಿದರೆ ಪತ್ನಿ ಜಗಳಕ್ಕೆ ನಿಲ್ಲದೆ ಮೊದಲು ಸಕ್ಕರೆ ನೋಡುವುದು ಒಳ್ಳೆಯದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಅಂಥ ಹೊತ್ತಿಗೆಂದೇ ಗ್ಲೂಕಗಾನ್ ಎಂಬ ಔಷಧವಿದೆ. ವೈದ್ಯರಿಂದ ಬರೆಸಿಕೊಂಡು, ಕೊಡುವ ಕ್ರಮವನ್ನು ಪತ್ನಿ ಮೊದಲೇ ಕಲಿತಿರಬೇಕು.

ಇಲ್ಲೊಂದು ಅಂಕಿಯ ತೊಡಕಿದೆ. ಸಕ್ಕರೆಯ ಪ್ರಮಾಣವನ್ನು ನಾವೂ ಅಮೆರಿಕದವರೂ ಮಿಲಿಗ್ರಾಂ ಲೆಕ್ಕದಲ್ಲಿ ಹೇಳುತ್ತೇವೆ. ಕೆನಡಾದವರು ಮಿಲಿಮೋಲ್ ಲೆಕ್ಕದಲ್ಲಿ. ಅವರ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮದು ಬರುತ್ತದೆ. ಅಲ್ಲಿನ ದಾದಿ "ಏಳು" ಎಂದರೆ ಗಾಬರಿಯಾಗಬೇಡಿ, ಅದು ನಮ್ಮ 126. "ಇಪ್ಪತ್ತು" ಎಂದರೆ ಸಮಾಧಾನವನ್ನೂ ಪಡಬೇಡಿ, ಅದು 360. ಅಲಾಸ್ಕಾ ಗಡಿ ದಾಟಿದೊಡನೆ ಲೆಕ್ಕ ಮತ್ತೆ ಬದಲು.

ಇನ್ಸುಲಿನ್ ಬಿಸಿಲಿಗೆ ಕೆಡುವುದು ನಿಮಗೆ ಗೊತ್ತಿದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ವಾಹನದ ಫ್ರಿಜ್‌ಗಳಲ್ಲಿ ತಣ್ಣನೆಯ ಹಲಗೆಗೆ ತಾಗಿದ ವಸ್ತು ಹೆಪ್ಪುಗಟ್ಟುವುದುಂಟು. ಒಮ್ಮೆ ಗಟ್ಟಿಯಾದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗಿಯೇ ಇದ್ದರೂ ಅದನ್ನು ಎಸೆಯಬೇಕು. ಅರ್ಧ ದಾಸ್ತಾನನ್ನು ಬೇರೆ ಕಡೆ ಇಡಿ.

ಕುಳಿತೇ ಇರುವುದರ ತೊಂದರೆ ನಿಧಾನವಾಗಿ ಬರುತ್ತದೆ. ನಾಲ್ಕು ಗಂಟೆಗೂ ಮೀರಿ ಕಾಲು ಇಳಿಬಿಟ್ಟು ಕುಳಿತರೆ ಮೀನಖಂಡದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಒಂದೇ ಕಾಲು ಊದಿಕೊಂಡು ನೋಯುವುದು ಇದರ ಗುರುತು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಇದ್ದಕ್ಕಿದ್ದಂತೆ ಉಸಿರುಕಟ್ಟುತ್ತದೆ, ಎದೆ ನೋಯುತ್ತದೆ. ಊದಿದ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ, ವೈದ್ಯರಿಗೆ ತೋರಿಸಿ. ಎರಡು ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆಯಿರಿ. ಓಡುವ ವಾಹನದೊಳಗೆ ಎದ್ದು ಓಡಾಡುವುದು, ಹಿಂದಿನ ಮಂಚದಲ್ಲಿ ಮಲಗುವುದು ಬೇಡ. ಬೆಲ್ಟ್ ಕಟ್ಟಿ ಸೀಟಿನಲ್ಲೇ ಕುಳಿತಿರಬೇಕು.

ಹೆಂಗಸರಲ್ಲಿ ಒಂದು ಅಭ್ಯಾಸವಿದೆ. ದಾರಿಯಲ್ಲಿ ಶೌಚಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ರಕ್ತದೊತ್ತಡಕ್ಕೆ ಕೊಟ್ಟ, ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತಾವೇ ಬಿಟ್ಟುಬಿಡುತ್ತಾರೆ. ಸ್ನೇಹಿತರ ಪತ್ನಿ ಇದನ್ನು ಒಪ್ಪಿಕೊಂಡರು. ಮೂತ್ರನಾಳದ ಸೋಂಕು, ಏರಿದ ಒತ್ತಡ ಎರಡಕ್ಕೂ ಇದೇ ದಾರಿ. ಶೌಚಾಲಯ ಜೊತೆಗೇ ಇರುವ ವಾಹನದಲ್ಲಿ ಇಂಥ ತಪಸ್ಸು ಏಕೆ? ಗಾಡಿ ನಿಲ್ಲಿಸಲು ಹೇಳಿ.

ಬೆಟ್ಟದ ತೊರೆಯ ನೀರು ಗಾಜಿನಂತೆ ಕಾಣುತ್ತದೆ. ಆದರೆ ಅದರಲ್ಲಿ ಜಿಯಾರ್ಡಿಯಾ ಎಂಬ ಪರೋಪಜೀವಿ ಇರಬಹುದು. ಬೀವರ್ ಎಂಬ ಪ್ರಾಣಿಯೂ ಇದನ್ನು ಹರಡುವುದರಿಂದ ಅಲ್ಲಿಯ ಜನ ಇದನ್ನು ಬೀವರ್ ಜ್ವರ ಎನ್ನುತ್ತಾರೆ. ಕುಡಿದ ಒಂದೆರಡು ವಾರಗಳಲ್ಲಿ ಹೊಟ್ಟೆಯುಬ್ಬರ, ದುರ್ವಾಸನೆಯ ಭೇದಿ ಶುರುವಾಗುತ್ತದೆ. ನೀರನ್ನು ಕೊತಕೊತನೆ ಒಂದು ನಿಮಿಷ ಕುದಿಸಿದರೆ ಸಾಕು. ಎತ್ತರದ ಜಾಗದಲ್ಲಿ ಮೂರು ನಿಮಿಷ.

ಜೂನ್‌ನಲ್ಲಿ ವೈಟ್‌ಹಾರ್ಸ್‌ನಲ್ಲಿ ಹತ್ತೊಂಬತ್ತು ಗಂಟೆ ಹಗಲು. ಇನ್ನೂ ಬೆಳಕಿದೆಯಲ್ಲ ಎಂದು ರಾತ್ರಿ ಹನ್ನೊಂದರವರೆಗೆ ಗಾಡಿ ಓಡಿಸುವವರಿದ್ದಾರೆ. ಬೆಳಕಿದ್ದರೂ ದೇಹ ದಣಿದಿರುತ್ತದೆ. ಗಡಿಯಾರ ನೋಡಿ ಗಾಡಿ ನಿಲ್ಲಿಸಿ, ದಪ್ಪ ಪರದೆ ಎಳೆದು ಮಲಗಿ.

ಕರಡಿಯ ವಿಷಯ ಬೇಗ ಮುಗಿಸುತ್ತೇನೆ. ಕನಿಷ್ಠ ನೂರು ಮೀಟರ್ ದೂರವಿರಿ, ಓಡಬೇಡಿ, ಕರಡಿ ಸ್ಪ್ರೇ ಕೈಗೆಟುಕುವಂತಿರಲಿ. ಬೇಳೆ, ತುಪ್ಪ, ಎಂಜಲು ತಟ್ಟೆ ಯಾವುದೂ ಹೊರಗಿರಬಾರದು.

ಇಲ್ಲಿಂದ ಹೋಗುವ ತಂದೆತಾಯಿಗಳಿಗೆ ಕೆನಡಾದ ಸರ್ಕಾರಿ ಆರೋಗ್ಯ ವಿಮೆ ಅನ್ವಯಿಸುವುದಿಲ್ಲ. ಪ್ರವಾಸ ವಿಮೆ ಮಾಡಿಸುವಾಗ ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿರಿ. ಹಳೆಯ ಕಾಯಿಲೆಗೆ ಹಣ ಕೊಡುತ್ತಾರೆಯೇ, ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ ಎಂದು ಓದಿ ನೋಡಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನೂ ಜೊತೆಗೆ ಒಯ್ಯಿರಿ.

ಕೊನೆಗೆ ಆಕೆಯ ಪ್ರಶ್ನೆಗೇ ಬಂದೆ. ಎದೆನೋವು ಬಂದವರು ತಾವೇ ಗಾಡಿ ಓಡಿಸಬಾರದು. ಸಹಾಯ ಬರುವಂತಿದ್ದರೆ ಅಲ್ಲೇ ಕಾಯಬೇಕು. ಬರದ ಕಡೆ ಗಾಡಿ ಓಡಿಸಬೇಕಾದವರು ನೀವೇ ಎಂದೆ. ಆಕೆಗೆ ಕಾರಿನ ಲೈಸೆನ್ಸ್ ಇದೆ, ಇಷ್ಟು ದೊಡ್ಡ ವಾಹನ ಮುಟ್ಟಿಲ್ಲ. ಹೊರಡುವ ಮುನ್ನ ಖಾಲಿ ಮೈದಾನದಲ್ಲಿ ಒಂದು ಗಂಟೆ ಓಡಿಸಿ ಅಭ್ಯಾಸ ಮಾಡಿಕೊಳ್ಳಿ ಎಂದೆ. ಸ್ನೇಹಿತರು ನಕಾಶೆ ಮಡಚತೊಡಗಿದ್ದರು. "ಒಂದು ಗಂಟೆ ಸಾಲದು, ದಿನಾ ಬೆಳಿಗ್ಗೆ ನಾನೇ ಓಡಿಸುತ್ತೇನೆ" ಎಂದು ಆಕೆ ನಕಾಶೆಯನ್ನು ಅವರ ಕೈಯಿಂದ ತೆಗೆದುಕೊಂಡರು.