ಮೋಟಾರು ಗಾಡಿಯ ಹಿಂದಿನ ಗಾಲಿಗಳ ಸ್ವಾತಂತ್ರ್ಯ

ಎತ್ತಿನ ಗಾಡಿಯ ಒಂದು ಗಾಲಿ ಕಲ್ಲನ್ನು ಹತ್ತಿದೊಡನೆ ಇಡೀ ಗಾಡಿಯೇ ಒಂದು ಪಕ್ಕಕ್ಕೆ ವಾಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ಎರಡು ಗಾಲಿಗಳನ್ನೂ ಒಂದೇ ಅಚ್ಚು ಕೂಡಿಸಿರುವುದೇ ಇದಕ್ಕೆ ಕಾರಣ. ಲಾರಿಗಳ ಹಾಗೂ ಹಳೆಯ ಅಂಬಾಸಡರ್ ಕಾರಿನ ಹಿಂಬದಿಯಲ್ಲಿರುವುದೂ ಇಂತಹ ಬಿಗಿಯಾದ ಅಚ್ಚೇ.

ಈ ಅಚ್ಚಿನ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಪೆಟ್ಟಿಗೆಯುಂಟು. ಗಾಲಿಯು ಏರಿಳಿದಾಗಲೆಲ್ಲ ಅಚ್ಚು, ಪೆಟ್ಟಿಗೆ ಎರಡೂ ಅದರೊಡನೆ ಏರಿಳಿಯಬೇಕು. ಸ್ಪ್ರಿಂಗಿನ ಕೆಳಗಿರುವ ಈ ಭಾರ ಹೆಚ್ಚಿದಷ್ಟೂ, ನ್ಯೂಟನ್ನನ ಎರಡನೆಯ ನಿಯಮದಂತೆ, ಅದೇ ಬಲದಿಂದ ದೊರೆಯುವ ವೇಗೋತ್ಕರ್ಷ ಕಡಿಮೆ. ಆದುದರಿಂದ ಗಾಲಿಯು ರಸ್ತೆಯ ಉಬ್ಬುತಗ್ಗುಗಳನ್ನು ಕೂಡಲೇ ಅನುಸರಿಸಲಾರದೆ ಕ್ಷಣಕಾಲ ನೆಲವನ್ನು ಬಿಡಬಹುದು. ನೆಲ ಬಿಟ್ಟ ಗಾಲಿಗೆ ಹಿಡಿತವೆಲ್ಲಿಯದು?

ಹಾಗಾದರೆ ಡಿಫರೆನ್ಷಿಯಲ್ಲನ್ನು ಗಾಡಿಯ ಚೌಕಟ್ಟಿಗೇ ಬಿಗಿದು, ಪ್ರತಿಯೊಂದು ಗಾಲಿಗೂ ಪ್ರತ್ಯೇಕ ದಂಡ, ಪ್ರತ್ಯೇಕ ಸ್ಪ್ರಿಂಗುಗಳನ್ನು ಒದಗಿಸಿದರೆ? ಇದೇ ಸ್ವತಂತ್ರ ಸಸ್ಪೆನ್ಷನ್ನಿನ ತತ್ತ್ವ. ಇದರ ಅತ್ಯಂತ ಸರಳ ರೂಪವಾದ 'ತೂಗುವ ಅಚ್ಚಿ'ಗೆ ಎಡ್ಮಂಡ್ ರಂಪ್ಲರ್ 1903ರಲ್ಲಿ ಪೇಟೆಂಟ್ ಪಡೆದನು. 1960ರ ದಶಕದಲ್ಲಿ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿಯೂ ಈ ಏರ್ಪಾಡಿತ್ತು.

ಇಲ್ಲಿ ಪ್ರತಿ ದಂಡಕ್ಕೂ ಡಿಫರೆನ್ಷಿಯಲ್ಲಿನ ಬಳಿ ಮಾತ್ರ ಒಂದು ಕೀಲು. ಆದುದರಿಂದ ಗಾಲಿಯು ನೆಟ್ಟಗೆ ಮೇಲೇಳದೆ ಕಂಸದಲ್ಲಿ ಚಲಿಸುತ್ತದೆ. ದಂಡದ ಉದ್ದ 60 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಗಾಲಿ 6 ಸೆಂ.ಮೀ. ಏರಿದರೆ ಅದು ವಾಲುವ ಕೋನದ ಸೈನ್ 0.1; ಎಂದರೆ ಕೋನ ಸುಮಾರು 6 ಡಿಗ್ರಿ.

ಅಪಾಯವಿರುವುದು ತಿರುವಿನಲ್ಲಿ. ಆಗ ರಸ್ತೆಯು ಹೊರಬದಿಯ ಗಾಲಿಯನ್ನು ಒಳಮುಖವಾಗಿ ತಳ್ಳುತ್ತದೆ. ಕೀಲು ನೆಲದಿಂದ ಮೇಲಿರುವ ಕಾರಣ, ದಂಡವು ಊರುಗೋಲಿನಂತೆ ಗಾಡಿಯ ಹಿಂಭಾಗವನ್ನು ಮೇಲೆತ್ತುತ್ತದೆ. ಗಾಲಿ ಗಾಡಿಯ ಅಡಿಗೆ ಮಡಚಿಕೊಳ್ಳತೊಡಗುತ್ತದೆ. ಹಿಡಿತ ಥಟ್ಟನೆ ಕುಗ್ಗಿ ಗಾಡಿ ಜಾರಬಹುದು, ಮಗುಚಲೂಬಹುದು. ಅಮೆರಿಕದಲ್ಲಿ 1960ರ ಮಾದರಿಯಾಗಿ ಬಂದ ಷೆವರ್ಲೆ ಕಾರ್ವೇರ್ ಇದೇ ದೋಷಕ್ಕಾಗಿ ವಿವಾದಕ್ಕೆ ಗುರಿಯಾಯಿತು. ರಾಲ್ಫ್ ನೇಡರ್ 1965ರ ತನ್ನ ಗ್ರಂಥದಲ್ಲಿ ಅದನ್ನು ಕಟುವಾಗಿ ಟೀಕಿಸಿದನು. ಸರ್ಕಾರದ 1972ರ ವರದಿಯಾದರೋ, ಅದು ಆ ಕಾಲದ ಸಮಾನ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯಲ್ಲವೆಂದಿತು. ಅಷ್ಟರಲ್ಲಿ, 1965ರ ಮಾದರಿಯಲ್ಲಿಯೇ, ಪ್ರತಿ ದಂಡಕ್ಕೂ ಎರಡೆರಡು ಕೀಲುಗಳು ಬಂದಿದ್ದವು.

ಎರಡನೆಯ ಕೀಲಿನಿಂದ ಆದ ಲಾಭವೇನು? ದಂಡವು ಓರೆಯಾದರೂ ಗಾಲಿ ಓರೆಯಾಗಬೇಕಾಗಿಲ್ಲ. ಆದರೆ ಈಗ ಗಾಲಿಗೆ ದಾರಿ ತೋರಲು ಬೇರೆ ತೋಳುಗಳು ಬೇಕು. ಎಷ್ಟು? ಬಿಡಿಯಾದ ವಸ್ತುವಿಗೆ ಆರು ಬಗೆಯ ಚಲನೆ ಸಾಧ್ಯ: ಮೂರು ದಿಕ್ಕುಗಳಲ್ಲಿ ಸರಿಯುವುದು, ಮೂರು ಅಕ್ಷಗಳ ಸುತ್ತ ತಿರುಗುವುದು. ಎರಡೂ ತುದಿಗಳಲ್ಲಿ ಗುಂಡುಕೀಲುಳ್ಳ ಒಂದು ತೋಳು ಇವುಗಳಲ್ಲೊಂದನ್ನು ತಡೆಯುತ್ತದೆ. ಐದು ತೋಳುಗಳನ್ನು ತಕ್ಕಂತೆ ಜೋಡಿಸಿದರೆ, ಗಾಲಿಯ ಬೇರಿಂಗನ್ನು ಹೊತ್ತ ಭಾಗಕ್ಕೆ ಉಳಿಯುವುದು ಒಂದೇ ಚಲನೆ, ಏರಿಳಿತ. 1982ರ ಮರ್ಸಿಡಿಸ್-ಬೆಂಜ್ 190 ಕಾರಿನಲ್ಲಿ ಹೀಗೆಯೇ ಐದು ತೋಳುಗಳಿದ್ದವು.

ಆದರೂ ಬಿಗಿ ಅಚ್ಚು ಮೂಲೆಗೆ ಸೇರಿಲ್ಲ. ಸರಳವೂ ಗಟ್ಟಿಯೂ ಆದ ಅದು ಭಾರ ಹೊರುವ ಲಾರಿಗಳಿಗೆ ಇಂದಿಗೂ ತಕ್ಕುದು. ಮುಂದೆ ಲಾರಿಯೊಂದು ರಸ್ತೆಯ ಗುಂಡಿಯನ್ನು ದಾಟುವಾಗ, ಅದರ ಹಿಂದಿನ ಗಾಲಿಗಳನ್ನು ತುಸು ದೂರದಲ್ಲಿಯೇ ನಿಂತು ಗಮನಿಸಿ. ಎತ್ತಿನ ಗಾಡಿಯ ಅಚ್ಚು ನೆನಪಾಗದಿರದು.